ಕಾಲೊಳಗಿನ ರಾಡು, ಕೈಯಲ್ಲಿರಬೇಕಾದ ಚೀಟಿ

‘ಕಾಲಾಗ ರಾಡ್ ಹಾಕ್ಯಾರ್ರಿ.’ ಗೋವಾಕ್ಕೆ ದುಡಿಯಲು ಹೋಗಿ, ಅಲ್ಲಿ ಬಿದ್ದು ಎಲುಬು ಮುರಿದುಕೊಂಡು ಊರಿಗೆ ಮರಳಿದ ಉತ್ತರ ಕರ್ನಾಟಕದ ಕೂಲಿಕಾರನನ್ನು ‘ಆಸ್ಪತ್ರೆಯಲ್ಲಿ ಏನು ಮಾಡಿದರು?’ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಇಷ್ಟೇ. ಆ ರಾಡು ಸ್ಟೀಲಿನದೋ ಟೈಟಾನಿಯಮ್ಮಿನದೋ, ಎಷ್ಟು ಉದ್ದ, ಎಷ್ಟು ದಪ್ಪ, ಯಾವ ಕಂಪನಿಯದು, ಅದನ್ನು ಹಿಡಿದಿಟ್ಟ ತಿರುಪುಗಳ ತಲೆಗೆ ಯಾವ ಅಳತೆಯ ಸ್ಕ್ರೂಡ್ರೈವರ್ ಕೂರುತ್ತದೆ ಎಂದು ಮುಂದೆ ಕೇಳಿದರೆ ಅವನು ಸುಮ್ಮನಾಗುತ್ತಾನೆ. ಅವನ ತಪ್ಪೇನೂ ಇಲ್ಲ. ಅದನ್ನು ಅವನಿಗೆ ಯಾರೂ ಹೇಳಿಲ್ಲ, ಬರೆದೂ ಕೊಟ್ಟಿಲ್ಲ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಹೊಸತನ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ರೋಬೋಟಿನ ತೋಳು, ತ್ರೀಡಿ ಮುದ್ರಣದ ಕೀಲು, ಆಸ್ಪತ್ರೆಗಳ ಹೋರ್ಡಿಂಗಿನಲ್ಲಿ ಮಿನುಗುವ ಮಂಡಿಚಿಪ್ಪು. ಈ ವಿದ್ಯೆಯ ಕಳೆದ ಎಂಬತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಬೇರೆಯೇ ಒಂದು ಸಂಗತಿ ಎದ್ದು ಕಾಣುತ್ತದೆ. ರೋಗಿಗಳಿಗೆ ಬಹುಕಾಲದ ಒಳಿತು ಮಾಡಿದ ಹೊಸತನಗಳೆಲ್ಲ ‘ಹಾಕಿದ ಮೇಲೆ ಏನಾಯಿತು?’ ಎಂಬ ಪ್ರಶ್ನೆಯನ್ನು ಬೆನ್ನು ಹತ್ತಿ ಹೋದವು. ಆ ಪ್ರಶ್ನೆಯನ್ನು ಕೈಬಿಟ್ಟ ಹೊಸತನಗಳು ರೋಗಿಗಳ ಮೈಯಲ್ಲೇ ಸೋತವು. ಹಾಗಾಗಿ ನಮ್ಮ ಕಡೆಗೆ ಈಗ ತುರ್ತಾಗಿ ಬೇಕಾದ ಹೊಸತನ ಲೋಹದ್ದಲ್ಲ, ಲೆಕ್ಕದ್ದು: ಯಾರ ಮೈಯಲ್ಲಿ ಯಾವ ಇಂಪ್ಲಾಂಟ್ ಇದೆ, ಅದು ಹೇಗಿದೆ ಎಂಬ ದಾಖಲೆ.

ಈ ಮಾತಿಗೆ ಮ್ಹಾಪಸಾ ತಕ್ಕ ಊರು. ಉತ್ತರ ಗೋವಾದ ಬಾರ್ದೇಸ್ ತಾಲ್ಲೂಕಿನ ಈ ಪೇಟೆ ಹೊರಗಿನವರಿಗೆ ಶುಕ್ರವಾರದ ಸಂತೆಯಿಂದ, ಬೋಡಗೇಶ್ವರನ ಜಾತ್ರೆಯಿಂದ ಗೊತ್ತು. ರಾಷ್ಟ್ರೀಯ ಹೆದ್ದಾರಿ 66 ಇದನ್ನು ಹಾದೇ ಪೆಡ್ಣೆಯ ಕಡೆಗೆ ಹೋಗುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಕಲಂಗೂಟ್, ಬಾಗಾ, ಅಂಜುನಾ. ಬಾಡಿಗೆ ಸ್ಕೂಟರ್ ಏರಿದ ಪ್ರವಾಸಿಗರು, ‘ಪೈಲಟ್’ ಎಂದೇ ಕರೆಸಿಕೊಳ್ಳುವ ಮೋಟರ್‌ಸೈಕಲ್ ಟ್ಯಾಕ್ಸಿಯವರು, ಜಲ್ಲಿ ಹೊತ್ತ ಟಿಪ್ಪರುಗಳು, ಸುತ್ತಲೂ ಏಳುತ್ತಿರುವ ಕಟ್ಟಡಗಳ ಸಾರುವೆಯ ಮೇಲೆ ನಿಂತ ಗಾರೆಯವರು ಎಲ್ಲರೂ ಇಲ್ಲಿ ಒಂದೇ ಕಡೆ ಸೇರುತ್ತಾರೆ. ಮೂಳೆ ಮುರಿತಕ್ಕೆ ಬೇಕಾದ ಕಾರಣಗಳೆಲ್ಲ ಒಂದೇ ತಾಲ್ಲೂಕಿನಲ್ಲಿವೆ. ಹಳೆಯ ಅಸಿಲೊ ಆಸ್ಪತ್ರೆ ಹೊರುತ್ತಿದ್ದ ಹೊಣೆಯನ್ನು ಇಂದು ಪೆಡ್ಡೆಂನಲ್ಲಿರುವ ಉತ್ತರ ಗೋವಾ ಜಿಲ್ಲಾ ಆಸ್ಪತ್ರೆ ಹೊತ್ತಿದೆ. ತೀರಾ ಗಂಭೀರ ಪ್ರಕರಣಗಳು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಹೋಗುತ್ತವೆ. ಆ ಕಾಲೇಜಿನ ಬೇರು 1842ರಲ್ಲಿ ಪೋರ್ಚುಗೀಸರು ಪಣಜಿಯಲ್ಲಿ ತೆರೆದ ವೈದ್ಯ ಶಾಲೆಯಲ್ಲಿದೆ. ಏಷ್ಯಾದ ಅತಿ ಹಳೆಯ ಆಧುನಿಕ ವೈದ್ಯ ಶಾಲೆಗಳ ಸಾಲಿಗೆ ಸೇರಿದ್ದು ಅದು. ಗೋವಾದ ಕಟ್ಟಡ ಕೆಲಸದಲ್ಲಿ ಕನ್ನಡದ ಕೈಗಳು ಎಷ್ಟಿವೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿಗಳಿಂದ ಮಳೆ ಕೈಕೊಟ್ಟಾಗಲೆಲ್ಲ ಗುಳೆ ಹೊರಡುವವರಿಗೆ ಗೋವಾ ತಲೆಮಾರುಗಳಿಂದ ಗೊತ್ತಿರುವ ದಾರಿ. ಮುರಿದ ಕಾಲಿಗೆ ಇಲ್ಲಿ ಶಸ್ತ್ರಚಿಕಿತ್ಸೆ ಆದೀತು. ಆದರೆ ಮೂಳೆ ಕೂಡಲು ಬೇಕಾದ ನಾಲ್ಕಾರು ತಿಂಗಳು ದುಡಿಮೆಯಿಲ್ಲದೆ, ಬಾಡಿಗೆ ಕಟ್ಟುತ್ತ ಇಲ್ಲಿ ಕೂರಲಾಗುವುದಿಲ್ಲ. ಹತ್ತು ಹನ್ನೆರಡು ದಿನಕ್ಕೆ ಹೊಲಿಗೆ ಬಿಚ್ಚಿಸಿಕೊಂಡು, ಊರುಗೋಲು ಹಿಡಿದು, ಚೋರ್ಲಾ ಘಾಟಿನ ಬಸ್ಸು ಹತ್ತಿ ಬೆಳಗಾವಿ ದಾಟಿ ಊರು ಸೇರುತ್ತಾರೆ. ಶಸ್ತ್ರಚಿಕಿತ್ಸೆ ಒಂದು ರಾಜ್ಯದಲ್ಲಿ, ಗುಣವಾಗುವುದು ಇನ್ನೊಂದು ರಾಜ್ಯದಲ್ಲಿ. ನಡುವೆ ಘಾಟು ದಾಟುವುದು ಅವನ ಕಾಲೊಳಗಿನ ರಾಡು ಮತ್ತು, ಅದೃಷ್ಟವಿದ್ದರೆ, ಒಂದು ಎಕ್ಸ್-ರೇ ಹಾಳೆ.

ಜನ ರಾಡ್ ಎನ್ನುವುದನ್ನು ವೈದ್ಯರು ನೇಲ್, ಅಂದರೆ ಮೊಳೆ ಎನ್ನುತ್ತಾರೆ. ತೊಡೆಯ ಅಥವಾ ಮೊಣಕಾಲ ಕೆಳಗಿನ ಉದ್ದ ಮೂಳೆ ಒಳಗೆ ಟೊಳ್ಳಾಗಿದ್ದು ಮಜ್ಜೆಯಿಂದ ತುಂಬಿರುತ್ತದೆ. ಆ ಟೊಳ್ಳಿನೊಳಗೆ ಉದ್ದಕ್ಕೂ ಲೋಹದ ಕೊಳವೆಯೊಂದನ್ನು ಇಳಿಸಿ, ಮೇಲೂ ಕೆಳಗೂ ಅಡ್ಡ ತಿರುಪು ಹಾಕಿ ಬಿಗಿದರೆ ಮುರಿದ ತುಂಡುಗಳು ಒಂದೇ ನೇರದಲ್ಲಿ ನಿಲ್ಲುತ್ತವೆ, ತಿರುಚಿಕೊಳ್ಳುವುದಿಲ್ಲ. ಭಾರವನ್ನು ಮೂಳೆಯೂ ಲೋಹವೂ ಹಂಚಿಕೊಳ್ಳುತ್ತವೆ. ಜರ್ಮನಿಯ ಕೀಲ್ ನಗರದ ಗೆರ್ಹಾರ್ಡ್ ಕ್ಯುಂಟ್ಷರ್ 1939ರ ಕೊನೆಗೆ ಇದನ್ನು ಮೊದಲು ಮಾಡಿ, ಮರುವರ್ಷ ಬರ್ಲಿನ್ನಿನ ಶಸ್ತ್ರಚಿಕಿತ್ಸಕರ ಸಭೆಯ ಮುಂದಿಟ್ಟಾಗ ಹಿರಿಯರು ಅನುಮಾನಿಸಿದರು. ಮಜ್ಜೆಯನ್ನು ಹಾಳುಮಾಡಿದರೆ ಮೂಳೆ ಹೇಗೆ ಕೂಡೀತು ಎಂಬುದು ಅವರ ಪ್ರಶ್ನೆ. ಅಲ್ಲಿಯವರೆಗೆ ತೊಡೆಮೂಳೆ ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಅಂಗಾತ ಮಲಗಬೇಕಿತ್ತು. ಕ್ಯುಂಟ್ಷರ್‌ನ ರೋಗಿಗಳು ವಾರಗಳಲ್ಲಿ ಎದ್ದು ನಡೆಯುತ್ತಿದ್ದರು. ಆಗ ಯುದ್ಧದ ಕಾಲ. ಜರ್ಮನಿಯ ವೈದ್ಯ ಪತ್ರಿಕೆಗಳು ಎದುರು ಪಾಳೆಯವನ್ನು ಮುಟ್ಟುತ್ತಿರಲಿಲ್ಲ. ಬ್ರಿಟಿಷ್ ಮತ್ತು ಅಮೆರಿಕನ್ ವೈದ್ಯರಿಗೆ ಈ ಸುದ್ದಿ ತಲುಪಿದ್ದು ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಮರಳಿದ ತಮ್ಮದೇ ಸೈನಿಕರ ಮೈಯ ಮೂಲಕ. ಅವರ ತೊಡೆಯ ಎಕ್ಸ್-ರೇ ತೆಗೆದಾಗ ಮೂಳೆಯ ನಡುವೆ ಉದ್ದನೆಯ ಲೋಹ ಕಂಡು ವೈದ್ಯರು ಬೆರಗಾದರು, ಗಾಬರಿಯಾದರು. 1945ರಲ್ಲಿ ‘ಟೈಮ್’ ಪತ್ರಿಕೆಯಲ್ಲೂ ಆ ಅಚ್ಚರಿಯ ತೊಡೆಮೂಳೆಯ ಸುದ್ದಿ ಬಂತು. ಅದನ್ನು ಹಾಕಿದವರು ಯಾರು, ಯಾಕೆ, ತೆಗೆಯಬೇಕೋ ಬಿಡಬೇಕೋ, ಸೈನಿಕನಿಗೂ ಗೊತ್ತಿರಲಿಲ್ಲ. ಯುದ್ಧದ ನಡುವೆ ಹಾಗಾದದ್ದು ಅರ್ಥವಾಗುತ್ತದೆ. ಮ್ಹಾಪಸಾಕ್ಕೂ ಬಾದಾಮಿಗೂ ನಡುವೆ ಯುದ್ಧವಿಲ್ಲ, ಒಂದು ರಾತ್ರಿಯ ಪ್ರಯಾಣವಿದೆ. ಎಂಬತ್ತು ವರ್ಷಗಳ ನಂತರವೂ ನಮ್ಮ ಕೂಲಿಕಾರ ಆ ಸೈನಿಕನ ಹಾಗೆಯೇ ಮೈಯನ್ನೇ ದಾಖಲೆ ಮಾಡಿಕೊಂಡು ಊರಿಗೆ ಬರುವುದನ್ನು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ಎಕ್ಸ್-ರೇ ಸಾಲದೇ ಎಂದು ಕೇಳಬಹುದು. ಎಕ್ಸ್-ರೇಯಲ್ಲಿ ಮೊಳೆಯ ಆಕಾರ ಕಾಣುತ್ತದೆ, ತಿರುಪುಗಳನ್ನು ಎಣಿಸಬಹುದು. ಮೇಲಿನ ತಿರುಪು ದುಂಡು ತೂತಿನಲ್ಲಿದೆಯೋ ಉದ್ದ ತೂತಿನಲ್ಲಿದೆಯೋ ಎಂಬುದನ್ನೂ ಅನುಭವಿಗಳು ಗುರುತಿಸುತ್ತಾರೆ. ಮೂಳೆ ಕೂಡುವುದು ತಡವಾದಾಗ ಒಂದು ತಿರುಪು ತೆಗೆದು ಭಾರ ಮೂಳೆಯ ಮೇಲೆ ಬೀಳುವಂತೆ ಮಾಡಬೇಕಾಗುತ್ತದೆ. ಸೋಂಕಾದರೆ ಮೊಳೆಯನ್ನೇ ಹೊರಗೆಳೆಯಬೇಕಾಗುತ್ತದೆ. ತೊಡಕು ಆಗ ಶುರುವಾಗುತ್ತದೆ. ಮೊಳೆಯ ತುದಿಗೆ ಸಲಕರಣೆ ಸೇರಿಸಿ ಎಳೆಯಬೇಕು, ಆ ತುದಿಯ ತಿರುಪುಸುತ್ತಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಒಂದರ ತಿರುಪಿನ ತಲೆ ಆರು ಮೂಲೆಯದು, ಇನ್ನೊಂದರದು ನಕ್ಷತ್ರದ ಆಕಾರದ್ದು. ಸರಿಯಾದ ಸೆಟ್ ಇಲ್ಲದೆ ಕಾಲು ಕೊಯ್ದರೆ, ಜಾರುವ ಸ್ಕ್ರೂಡ್ರೈವರ್ ತಿರುಪಿನ ತಲೆಯನ್ನೇ ಸವೆಸಿಬಿಡುತ್ತದೆ. ಅರ್ಧ ಗಂಟೆಯ ಕೆಲಸ ಮೂರು ಗಂಟೆಯಾಗುತ್ತದೆ, ಮೂಳೆಗೆ ಕಿಟಕಿ ಕೊರೆಯಬೇಕಾಗುತ್ತದೆ, ರಕ್ತ ಹೆಚ್ಚು ಹೋಗುತ್ತದೆ. ಇದಕ್ಕೆಲ್ಲ ಬೇಕಾದ ಮಾಹಿತಿ ಮೊದಲ ದಿನವೇ ಆಪರೇಷನ್ ಕೋಣೆಯಲ್ಲಿ ಇತ್ತು ಎಂಬುದೇ ಬೇಸರದ ವಿಷಯ. ಒಳ್ಳೆಯ ಕಂಪನಿಗಳ ಇಂಪ್ಲಾಂಟ್ ಡಬ್ಬಿಯೊಳಗೆ ಅಂಟುಚೀಟಿಗಳ ಒಂದು ಸಣ್ಣ ಹಾಳೆ ಬರುತ್ತದೆ. ಬೆರಳಗಲದ ಒಂದೊಂದು ಚೀಟಿಯಲ್ಲೂ ತಯಾರಕರ ಹೆಸರು, ಮಾದರಿ ಸಂಖ್ಯೆ, ಲಾಟ್ ಸಂಖ್ಯೆ, ಉದ್ದ, ವ್ಯಾಸ, ಲೋಹ ಎಲ್ಲವೂ ಅಚ್ಚಾಗಿರುತ್ತವೆ. ನರ್ಸ್ ಒಂದನ್ನು ಕೇಸ್ ಪೇಪರಿಗೆ ಅಂಟಿಸುತ್ತಾರೆ, ಒಂದು ಸ್ಟೋರಿನ ಲೆಕ್ಕಕ್ಕೆ ಹೋಗುತ್ತದೆ. ಒಂದೇ ಸಂಗತಿಯನ್ನು ಹಲವು ಚೀಟಿಗಳಲ್ಲಿ ಅಚ್ಚು ಮಾಡಿರುವುದೇ ಒಂದು ರೋಗಿಗೂ ಸೇರಲಿ ಎಂದು. ಆ ಒಂದು ಅವನ ಕೈಗೆ ಬರುವುದು ಅಪರೂಪ.

ದಾಖಲೆ ಗುಮಾಸ್ತರ ಕೆಲಸ, ಅದನ್ನು ವಿಜ್ಞಾನದ ಹೊಸತನ ಎನ್ನುವುದು ಅತಿಯಾಯಿತು ಎಂದು ಅನಿಸಬಹುದು. ಹಾಗಾದರೆ ಇಪ್ಪತ್ತನೇ ಶತಮಾನದ ಅತ್ಯಂತ ಯಶಸ್ವಿ ಶಸ್ತ್ರಚಿಕಿತ್ಸೆಗಳಲ್ಲಿ ಒಂದೆಂದು ಹೆಸರಾದ ಸೊಂಟದ ಕೀಲು ಬದಲಾವಣೆ ಹೇಗೆ ಹುಟ್ಟಿತು ಎಂದು ನೋಡಬೇಕು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ 1958ರ ಹೊತ್ತಿಗೆ ಸವೆದ ಸೊಂಟದ ಬಟ್ಟಲಿಗೆ ಟೆಫ್ಲಾನ್ ಬಳಸಲು ಆರಂಭಿಸಿದರು. ಅಡುಗೆಮನೆಯ ತವಾಕ್ಕೆ ಬಳಿಯುವ ಅದೇ ಜಾರು ವಸ್ತು. ನೋವು ಮಾಯವಾಯಿತು, ರೋಗಿಗಳು ನಡೆದರು. 1961ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಚಾರ್ನ್ಲಿ ಇದನ್ನು ಹೊಸ ಶಸ್ತ್ರಚಿಕಿತ್ಸೆ ಎಂದು ಪ್ರಕಟಿಸಿದರು. ಅಲ್ಲಿಗೇ ನಿಂತಿದ್ದರೆ ಅದು ಗೆದ್ದ ಹೊಸತನವೆಂದೇ ದಾಖಲಾಗುತ್ತಿತ್ತು. ಚಾರ್ನ್ಲಿ ನಿಲ್ಲಲಿಲ್ಲ, ರೋಗಿಗಳನ್ನು ಮತ್ತೆ ಮತ್ತೆ ಕರೆಸಿ ನೋಡಿದರು. ಮೂರು ನಾಲ್ಕು ವರ್ಷಗಳಲ್ಲಿ ಟೆಫ್ಲಾನ್ ಬಟ್ಟಲುಗಳು ಸವೆದು ಹೋದವು. ಅದರ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿ ಮೂಳೆಯನ್ನೇ ತಿನ್ನತೊಡಗಿತು. ಸುಮಾರು 300 ಸೊಂಟಗಳ ಕೆಲಸ ವ್ಯರ್ಥವಾಯಿತು. ಅವರು ತಮ್ಮ ತೊಡೆಯ ಚರ್ಮದಡಿಗೇ ಆ ವಸ್ತುವಿನ ಚೂರನ್ನು ಇರಿಸಿಕೊಂಡು, ಅಲ್ಲಿ ಗಂಟು ಕಟ್ಟುವುದನ್ನು ಕಂಡುಕೊಂಡರು.

ಮುಂದಿನದು ನಮ್ಮ ರಬಕವಿ-ಬನಹಟ್ಟಿಯ ನೇಕಾರರಿಗೆ ಹಿಡಿಸಬೇಕಾದ ಕಥೆ. 1962ರ ಮೇ ತಿಂಗಳಲ್ಲಿ ಲ್ಯಾಂಕಾಶೈರಿನ ಪವರ್‌ಲೂಮುಗಳ ಗಿಯರಿಗೆ ಬಳಸುವ ಹೊಸ ಪ್ಲಾಸ್ಟಿಕ್ ಒಂದನ್ನು ಮಾರಾಟಗಾರನೊಬ್ಬ ಆಸ್ಪತ್ರೆಗೆ ತಂದ. ಚಾರ್ನ್ಲಿ ಅದನ್ನು ಉಗುರಿನಿಂದ ಒತ್ತಿ ನೋಡಿ ಬೇಡವೆಂದರು. ಅವರು ಕೋಪನ್‌ಹೇಗನ್ನಿಗೆ ಸಭೆಗೆ ಹೋಗಿದ್ದಾಗ ಪ್ರಯೋಗಾಲಯದ ತಂತ್ರಜ್ಞ ಹ್ಯಾರಿ ಕ್ರೇವನ್ ಅದನ್ನು ಸವೆತದ ಯಂತ್ರಕ್ಕೆ ಹಾಕಿಬಿಟ್ಟರು. ಮೂರು ವಾರ ತಿರುಗಿದರೂ ಅದು ಟೆಫ್ಲಾನ್ ಒಂದೇ ದಿನಕ್ಕೆ ಸವೆಯುವಷ್ಟೂ ಸವೆದಿರಲಿಲ್ಲ. ಅದೇ ಪಾಲಿಎಥಿಲೀನ್. ಅದೇ ವರ್ಷದ ನವೆಂಬರಿನಿಂದ ಸೊಂಟದ ಬಟ್ಟಲು ಅದರದಾಯಿತು. ಇಂದಿಗೂ ಜಗತ್ತಿನ ಬಹುಪಾಲು ಕೃತಕ ಕೀಲುಗಳಲ್ಲಿ ಇರುವುದು ಅದರ ಸುಧಾರಿಸಿದ ರೂಪವೇ. ಚಾರ್ನ್ಲಿ ಈ ಬಾರಿ ಅವಸರ ಮಾಡಲಿಲ್ಲ. ರೈಟಿಂಗ್ಟನ್ನಿಗೆ ಬಂದು ಕಲಿತವರಿಗಲ್ಲದೆ ತಮ್ಮ ಕೀಲನ್ನು ಮಾರದಂತೆ ತಯಾರಕರನ್ನು ಹಲವು ವರ್ಷ ತಡೆದರು. ‘ನೀವು ತೀರಿಕೊಂಡ ಮೇಲೆ ಈ ಕೀಲನ್ನು ನನಗೆ ಮರಳಿ ಕೊಡಿ’ ಎಂದು ರೋಗಿಗಳನ್ನೇ ಕೇಳಿಕೊಂಡರು, ಅನೇಕರು ಒಪ್ಪಿದರು. ಹೊಸ ಪ್ಲಾಸ್ಟಿಕ್ ಸಿಕ್ಕದ್ದು ಆಕಸ್ಮಿಕ. ಹಳೆಯದು ಸೋತಿದೆ ಎಂದು ಗೊತ್ತಾದದ್ದು ಆಕಸ್ಮಿಕವಲ್ಲ, ರೋಗಿಯ ಬೆನ್ನು ಬಿಡದ ಹಟದಿಂದ.

ಆ ಹಟವನ್ನು ಒಬ್ಬ ವೈದ್ಯನ ಸ್ವಭಾವಕ್ಕೆ ಬಿಡದೆ ದೇಶದ ವ್ಯವಸ್ಥೆಯಾಗಿಸಿದವರು ಉತ್ತರ ಯುರೋಪಿನವರು. ಸ್ವೀಡನ್ 1975ರಲ್ಲಿ ಮಂಡಿಯ, 1979ರಲ್ಲಿ ಸೊಂಟದ ಕೀಲುಗಳಿಗೆ ರಾಷ್ಟ್ರೀಯ ದಾಖಲೆ ಪುಸ್ತಕ ಶುರುಮಾಡಿತು. ಎಲ್ಲಿ, ಯಾರಿಗೆ, ಯಾವ ಕೀಲು, ಯಾವ ಸಿಮೆಂಟು ಹಾಕಿದರು, ಅದನ್ನು ಮತ್ತೆ ತೆಗೆಯಬೇಕಾಯಿತೇ, ಯಾವಾಗ, ಯಾಕೆ ಎಂಬಷ್ಟೇ ಪ್ರಶ್ನೆಗಳು. ನಾರ್ವೆಯಲ್ಲಿ ಒಂದು ಕೀಲಿನ ಮಾದರಿ ವರ್ಷಗಟ್ಟಲೆ ಬಳಕೆಯಾಗಿ ಸೋತ ಮೇಲೆ, 1987ರಲ್ಲಿ ಅಲ್ಲಿಯೂ ದಾಖಲೆ ಬಂತು. ಅದರ ಫಲ ಬೇಗನೇ ಕಂಡಿತು. ಬೋನ್‌ಲಾಕ್ ಎಂಬ ಹೊಸ ಮೂಳೆ ಸಿಮೆಂಟು ತೊಂಬತ್ತರ ದಶಕದ ಆರಂಭದಲ್ಲಿ ಸುಧಾರಿತ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ, ಅದರಿಂದ ಕೂರಿಸಿದ ಕೀಲುಗಳು ಬೇಗ ಸಡಿಲಾಗುತ್ತಿವೆ ಎಂದು ನಾರ್ವೆಯ ಲೆಕ್ಕ 1995ರ ಹೊತ್ತಿಗೆ ತೋರಿಸಿಕೊಟ್ಟಿತು, ಸಿಮೆಂಟು ಹಿಂದೆ ಸರಿಯಿತು. ಒಬ್ಬೊಬ್ಬ ವೈದ್ಯನ ಕೈಯಲ್ಲಿ ಒಂದೋ ಎರಡೋ ಕೀಲು ಸಡಿಲಾದರೆ ಅದು ಅವನಿಗೆ ದುರದೃಷ್ಟವೆಂದೇ ತೋರುತ್ತದೆ. ಸಾವಿರ ಕೈಗಳ ಲೆಕ್ಕ ಒಂದೇ ಪುಸ್ತಕದಲ್ಲಿ ಕೂಡಿದಾಗ ಮಾತ್ರ ತಪ್ಪು ಕೈಯದಲ್ಲ, ವಸ್ತುವಿನದು ಎಂದು ಕಾಣುತ್ತದೆ.

ಇಂಥ ದಾಖಲೆ ಇಲ್ಲದ ದೇಶದಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ, ಅದನ್ನು ನಾವು ಬೇಗ ಮರೆತೆವು. ಜಾನ್ಸನ್ ಅಂಡ್ ಜಾನ್ಸನ್ ಒಡೆತನದ ಡೆಪ್ಯೂ ಕಂಪನಿಯ ಎಎಸ್‌ಆರ್ ಎಂಬ ಸೊಂಟದ ಕೀಲಿನಲ್ಲಿ ಗೋಲವೂ ಬಟ್ಟಲೂ ಲೋಹದ್ದೇ. ಪ್ಲಾಸ್ಟಿಕ್ ಸವೆಯುತ್ತದೆ, ಲೋಹ ಸವೆಯದು, ಹಾಗಾಗಿ ಚುರುಕಿನ ಬದುಕಿನ ಕಿರಿಯರಿಗೆ ಇದೇ ಒಳ್ಳೆಯದು ಎಂಬ ತರ್ಕ ಕೇಳಲು ಸರಿಯಾಗಿಯೇ ಇತ್ತು. ಬಳಕೆಯಲ್ಲಿ ಕೋಬಾಲ್ಟ್ ಮತ್ತು ಕ್ರೋಮಿಯಂ ಕಣಗಳು ಉದುರಿ ಸುತ್ತಲಿನ ಮಾಂಸವನ್ನು ಕೆಡಿಸಿ ರಕ್ತಕ್ಕೂ ಸೇರಿದವು. ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆ 2007ರಲ್ಲೇ ಎಚ್ಚರಿಕೆ ಕೊಟ್ಟಿತು. ಇಂಗ್ಲೆಂಡಿನ ದಾಖಲೆಯಲ್ಲಿ ಐದು ವರ್ಷದೊಳಗೆ ನೂರಕ್ಕೆ 12, 13 ಕೀಲುಗಳನ್ನು ಮತ್ತೆ ತೆಗೆಯಬೇಕಾಗಿ ಬಂದದ್ದು ಕಂಡಾಗ, 2010ರ ಆಗಸ್ಟಿನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ವಾಪಸ್ ಪಡೆಯಿತು. ಒಟ್ಟು ಸುಮಾರು 93,000 ಜನರಿಗೆ ಹಾಕಿಯಾಗಿತ್ತು, ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಕೇಂದ್ರ ಸರ್ಕಾರ 2017ರಲ್ಲಿ ನೇಮಿಸಿದ ಡಾ. ಅರುಣ್ ಅಗರ್ವಾಲ್ ನೇತೃತ್ವದ ಸಮಿತಿ ಮರುವರ್ಷ ವರದಿ ಕೊಟ್ಟಾಗ ಪತ್ತೆಯಾಗಿದ್ದವರು ಸಾವಿರದ ಎಂಬತ್ತು ಮಂದಿ. ಉಳಿದ ಸುಮಾರು 3,600 ಮಂದಿ ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರ 2018ರಲ್ಲಿ ಬಂತು. ಪರಿಹಾರ ಕೊಡಬೇಕಾದವರ ವಿಳಾಸವೇ ಇರಲಿಲ್ಲ. ಆ 3,600 ಮಂದಿ ಗುಳೆ ಹೋದ ಕೂಲಿಕಾರರಲ್ಲ ಎಂಬುದನ್ನು ಗಮನಿಸಬೇಕು. ದುಬಾರಿ ಆಮದು ಕೀಲು ಕೊಳ್ಳುವ ಶಕ್ತಿಯಿದ್ದ, ದೊಡ್ಡ ಆಸ್ಪತ್ರೆಗಳಿಗೆ ಹೋದ ಜನ. ಅವರನ್ನೇ ಕಳೆದುಕೊಂಡ ವ್ಯವಸ್ಥೆ ಮ್ಹಾಪಸಾದಿಂದ ಬಸ್ಸು ಹತ್ತಿದವನನ್ನು ಹೇಗೆ ಕಂಡುಹಿಡಿದೀತು?

ಹೊಸ ತಂತ್ರಜ್ಞಾನ ಬಂದರೆ ಇಂಥ ತಪ್ಪುಗಳೇ ಕಡಿಮೆಯಾಗುತ್ತವಲ್ಲ, ರೋಬೋಟ್ ಮಿಲಿಮೀಟರ್ ಲೆಕ್ಕದಲ್ಲಿ ಕೊಯ್ಯುವಾಗ ಹಳೆಯ ಪುಸ್ತಕದ ಮಾತು ಯಾಕೆ ಎಂಬುದು ಇಂದು ಹೆಚ್ಚು ಕೇಳಿಬರುವ ವಾದ. ರೋಬೋಟಿನ ನೆರವಿನಿಂದ ಮಂಡಿಯ ಕೀಲು ಹೆಚ್ಚು ನೇರವಾಗಿ ಕೂರುತ್ತದೆ, ಇದರಲ್ಲಿ ಅನುಮಾನವಿಲ್ಲ. ನೇರವಾಗಿ ಕೂತ ಕೀಲು ಹೆಚ್ಚು ಕಾಲ ಬಾಳುತ್ತದೆಯೇ, ರೋಗಿ ಹೆಚ್ಚು ನೆಮ್ಮದಿಯಿಂದ ನಡೆಯುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ದಕ್ಷಿಣ ಕೊರಿಯಾದ ವೈದ್ಯರು 1,406 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ರೋಬೋಟಿನಿಂದ, ಇನ್ನೊಂದಕ್ಕೆ ಕೈಯಿಂದ ಶಸ್ತ್ರಚಿಕಿತ್ಸೆ ಮಾಡಿ, ಕನಿಷ್ಠ ಹತ್ತು ವರ್ಷ ಕಾದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡಿಗೆಯಲ್ಲಾಗಲಿ ಕೀಲಿನ ಬಾಳಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅದು ಹಳೆಯ ತಲೆಮಾರಿನ ರೋಬೋಟ್, ಹೊಸದು ಇನ್ನೂ ಉತ್ತಮವಿದ್ದೀತು ಎನ್ನುವವರ ಮಾತು ನ್ಯಾಯವಾದದ್ದೇ. ಆದರೆ ಇದ್ದೀತೇ ಎಂದು ತಿಳಿಯಲು ಇರುವ ದಾರಿಯೂ ಅದೇ: ಹತ್ತು ವರ್ಷ ಬೆನ್ನು ಹತ್ತುವುದು. ಇದಕ್ಕಿಂತ ಚುರುಕು ಮುಟ್ಟಿಸುವ ಪಾಠ ಅಮೆರಿಕದ ಹ್ಯೂಸ್ಟನ್ನಿನದು. ಸವೆದ ಮಂಡಿಯೊಳಗೆ ದರ್ಶಕ ನಳಿಕೆ ಇಳಿಸಿ ತೊಳೆದು ಕೆರೆಯುವ ಆರ್ತ್ರೊಸ್ಕೊಪಿ ವರ್ಷಕ್ಕೆ ಲಕ್ಷಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು ಒಪ್ಪಿಗೆ ಕೊಟ್ಟ 180 ಜನರಲ್ಲಿ ಕೆಲವರಿಗೆ ಚರ್ಮಕ್ಕೆ ಮಾತ್ರ ಗೀರು ಹಾಕಿ ಹೊಲಿದು ಕಳಿಸಿದರು. ಎರಡು ವರ್ಷವಾದರೂ ನಿಜವಾದ ಶಸ್ತ್ರಚಿಕಿತ್ಸೆಯಾದವರಿಗೂ ಬರೀ ಗೀರು ಬಿದ್ದವರಿಗೂ ನೋವಿನಲ್ಲಿ ಭೇದ ಕಾಣಲಿಲ್ಲ. 2002ರಲ್ಲಿ ಪ್ರಕಟವಾದ ಈ ಅಧ್ಯಯನ ಅನೇಕ ವೈದ್ಯರನ್ನು ಸಿಟ್ಟಿಗೆಬ್ಬಿಸಿತು. ಎಷ್ಟೋ ಮಂಡಿಗಳು ಅದರಿಂದ ಕತ್ತಿ ತಪ್ಪಿಸಿಕೊಂಡವು.

ಇನ್ನು ಹಣದ ಮಾತು. ಸ್ವೀಡನ್ನಿನ ವ್ಯವಸ್ಥೆ ನಮಗೆ ಹೊರೆ, ಮಂಚಕ್ಕೇ ಕೊರತೆ ಇರುವಲ್ಲಿ ಪುಸ್ತಕ ಬರೆಯುವವರಾರು? ಈ ಆಕ್ಷೇಪಕ್ಕೆ ಉತ್ತರ ಶ್ರೀಮಂತ ದೇಶದಿಂದಲ್ಲ, ಬಡದೇಶಗಳ ಆಪರೇಷನ್ ಕೋಣೆಗಳಿಂದಲೇ ಬಂದಿದೆ. ಅಮೆರಿಕದ ಲೂಯಿಸ್ ಜರ್ಕಲ್ ಎಂಬ ಮೂಳೆ ವೈದ್ಯರು 1999ರಲ್ಲಿ ಆರಂಭಿಸಿದ ಸೈನ್ ಎಂಬ ಸಂಸ್ಥೆ ವಿಶೇಷ ಬಗೆಯ ಮೊಳೆಯನ್ನು ತಯಾರಿಸಿ ಬಡದೇಶಗಳಿಗೆ ಉಚಿತವಾಗಿ ಕೊಡುತ್ತದೆ. ಸಾಮಾನ್ಯವಾಗಿ ಮೊಳೆಯ ಕೆಳತುದಿಯ ತೂತನ್ನು ಚರ್ಮದ ಹೊರಗಿನಿಂದ ಗುರುತಿಸಲು ಸಿ-ಆರ್ಮ್ ಎಂಬ ದುಬಾರಿ ಎಕ್ಸ್-ರೇ ಯಂತ್ರ ಬೇಕು. ಸೈನ್ ಮೊಳೆಗೆ ಹೊರಗಿನಿಂದ ಜೋಡಿಸುವ ಅಳತೆಯ ತೋಳಿದ್ದು, ತೂತು ಸಿಕ್ಕಿತೋ ಇಲ್ಲವೋ ಎಂದು ಕೈಯ ಸ್ಪರ್ಶದಿಂದಲೇ ಗೊತ್ತಾಗುತ್ತದೆ. ಕರೆಂಟು ಕೈಕೊಟ್ಟರೂ ಕೆಲಸ ನಿಲ್ಲದು. ಇದೇ ದೊಡ್ಡ ಹೊಸತನವೆಂದು ಹಲವರು ಹೊಗಳುತ್ತಾರೆ. ನನ್ನ ಕಣ್ಣಿಗೆ ಬೀಳುವುದು ಅವರು ಇಟ್ಟ ಷರತ್ತು. ಮಾಡಿದ ಪ್ರತಿ ಶಸ್ತ್ರಚಿಕಿತ್ಸೆಯ ವಿವರವನ್ನೂ ಎಕ್ಸ್-ರೇಯನ್ನೂ ಅಂತರ್ಜಾಲದ ದಾಖಲೆಗೆ ಸೇರಿಸಬೇಕು, ಆ ಲೆಕ್ಕದ ಮೇಲೆ ಬಳಸಿದ ಮೊಳೆಗೆ ಬದಲಿ ಮೊಳೆ ಬರುತ್ತದೆ. ಬರೆಯದಿದ್ದರೆ ಬದಲಿ ಇಲ್ಲ. ಹೀಗೆ ಲಕ್ಷಾಂತರ ರೋಗಿಗಳ ದಾಖಲೆ ಬೆಳೆದಿದೆ. ಆದರೂ ರೋಗಿಗಳು ಮರಳಿ ತಪಾಸಣೆಗೆ ಬರುವುದಿಲ್ಲ ಎಂಬ ಕಷ್ಟ ಅಲ್ಲಿಯೂ ಇತ್ತು. ದಾರಿ ದೂರ, ಬಸ್ಸಿನ ದುಡ್ಡಿಲ್ಲ, ದಿನಗೂಲಿ ತಪ್ಪುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ನಮ್ಮಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಕಾಲು ಕೂಡಿದವನು ಕುಕ್ಕರಗಾಲಲ್ಲಿ ಕೂತು ನಗಬೇಕು, ಅದರ ಚಿತ್ರ ತೆಗೆದು ಕಳಿಸಬೇಕು. ಮೂಳೆ ಸರಿಯಾಗಿ ಕೂಡಿರದಿದ್ದರೆ, ಮಂಡಿ ಮಡಿಯದಿದ್ದರೆ, ಸೊಂಟ ಬಿಗಿದಿದ್ದರೆ ಪೂರ್ತಿ ಕೂರಲಾಗದು. ಕೂತರೂ ನೋವಿದ್ದರೆ ಮುಖ ನಗುವುದಿಲ್ಲ. ನೆಲದ ಮೇಲೆ ಕೂತು ಉಣ್ಣುವ, ಕುಕ್ಕರಗಾಲಲ್ಲಿ ಕಳೆ ತೆಗೆಯುವ, ಗಾರೆ ಹಾಕುವ, ಬಯಲಿಗೆ ಹೋಗುವ ಜನಕ್ಕೆ ಇದಕ್ಕಿಂತ ನಿಜವಾದ ಪರೀಕ್ಷೆ ಇನ್ನೊಂದಿಲ್ಲ.

ಪಟ್ಟಿ ಎಂದರೆ ಹೆದರುವವರಿದ್ದಾರೆ, ಅವರ ಹೆದರಿಕೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಗೋವಾದ ಕನ್ನಡ ಕೂಲಿಕಾರರು ಹೊರಗಿನವರೆಂಬ ಮಾತನ್ನು ಸಾಕಷ್ಟು ಕೇಳಿದವರು. ಬೈನಾ ಕಡಲತೀರದಲ್ಲಿದ್ದ ತಮ್ಮಂಥವರ ಗುಡಿಸಲುಗಳನ್ನು ಬುಲ್ಡೋಜರ್ ಕೆಡವಿದ್ದು ಅವರ ನೆನಪಿನಿಂದ ಹೋಗಿಲ್ಲ. ಗೋವಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ 2016ರಲ್ಲಿ ಬಂದಾಗ ಐದು ವರ್ಷದ ವಾಸ್ತವ್ಯ ಕೇಳಿತು. 2018ರಿಂದ ಬಾಂಬೋಳಿಯಲ್ಲಿ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಬಂತು. ತೆರಿಗೆ ಕಟ್ಟುವ ತನ್ನ ಜನರಿಗೆ ಮೊದಲ ಹಕ್ಕು ಎಂದು ಒಂದು ಸಣ್ಣ ರಾಜ್ಯ ಹೇಳುವುದು ಅರ್ಥವಾಗುವ ಮಾತೇ. ಆದರೆ ಹೆಸರು ಬರೆಸಿದರೆ ಎಲ್ಲಿಗೆ ತಲುಪುತ್ತದೋ ಎಂಬ ಅಂಜಿಕೆ ಇದರಿಂದ ಹೆಚ್ಚುತ್ತದೆ ಎಂಬುದೂ ನಿಜ. ಅದಕ್ಕೇ ಮೊದಲ ಪ್ರತಿ ಸರ್ಕಾರದ ಕಂಪ್ಯೂಟರಿನಲ್ಲಲ್ಲ, ರೋಗಿಯ ಕಿಸೆಯಲ್ಲಿರಬೇಕು ಎಂದು ನಾನು ವಾದಿಸುತ್ತೇನೆ. ಅಂಟುಚೀಟಿ ಹಚ್ಚಿದ, ಶಸ್ತ್ರಚಿಕಿತ್ಸೆಯ ದಿನಾಂಕ ಬರೆದ, ಕನ್ನಡದಲ್ಲೂ ಕೊಂಕಣಿಯಲ್ಲೂ ಎರಡು ಸಾಲಿನ ಸೂಚನೆಯಿರುವ ಒಂದು ದಪ್ಪ ಕಾರ್ಡು ಸಾಕು. ಅದು ಅವನ ಸ್ವತ್ತು. ಯಾರಿಗೆ ತೋರಿಸಬೇಕೆಂಬುದು ಅವನ ಇಷ್ಟ. ಕೇಂದ್ರದ ದಾಖಲೆಗೆ ಲಾಟ್ ಸಂಖ್ಯೆ, ದಿನಾಂಕ ಮತ್ತು ಒಂದು ಗುರುತಿನ ಅಂಕಿ ಹೋದರೆ ಸಾಕು, ಹೆಸರೂ ವಿಳಾಸವೂ ಆಸ್ಪತ್ರೆಯಲ್ಲೇ ಉಳಿಯಲಿ. ಎಚ್ಚರಿಕೆ ಬಂದ ದಿನ ಆಸ್ಪತ್ರೆ ತನ್ನ ರೋಗಿಗೆ ತಾನೇ ಫೋನ್ ಮಾಡಲಿ.

ವೈದ್ಯರ ಆತಂಕ ಇನ್ನೊಂದು ಬಗೆಯದು. ಲೆಕ್ಕ ಹೊರಬಿದ್ದರೆ ಕಷ್ಟದ ಕೇಸುಗಳನ್ನು ಯಾರೂ ಮುಟ್ಟುವುದಿಲ್ಲ, ಕೊಳೆತ ಗಾಯದೊಂದಿಗೆ ತಡವಾಗಿ ಬಂದವನನ್ನು ಮುಂದಿನ ಆಸ್ಪತ್ರೆಗೆ ದಾಟಿಸಿಬಿಡುತ್ತಾರೆ ಎನ್ನುತ್ತಾರೆ. ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ಬರುವುದೇ ಅಂಥ ಕೇಸುಗಳು, ಹಾಗಾಗಿ ಇದು ಪೊಳ್ಳು ಭಯವಲ್ಲ. ಸ್ವೀಡನ್ನಿನ ದಾಖಲೆ ಆರಂಭದಲ್ಲಿ ಅಳೆದದ್ದು ಕೀಲನ್ನು, ಸಿಮೆಂಟನ್ನು, ವಿಧಾನವನ್ನು. ವೈದ್ಯರನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡಲಿಲ್ಲ. ಆಸ್ಪತ್ರೆಗೆ ಅದರದೇ ಲೆಕ್ಕವನ್ನು ಕಳಿಸಿ ತಿದ್ದಿಕೊಳ್ಳಲು ಬಿಟ್ಟಿತು. ನಮ್ಮಲ್ಲೂ ಹಾಗೇ ಶುರುವಾಗಬೇಕು. ಗಾಯದ ತೀವ್ರತೆಯನ್ನೂ ಬರೆದುಕೊಂಡರೆ ಹೋಲಿಕೆ ನ್ಯಾಯವಾಗುತ್ತದೆ, ಅದಕ್ಕೆ ಬೇಕಾದ ಅಳತೆಗೋಲು ನಮ್ಮ ನೆರೆಯಲ್ಲೇ ಹುಟ್ಟಿದೆ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ಸಂಗಡಿಗರು ತೆರೆದ ಗಾಯದ ಮುರಿತವನ್ನು ಚರ್ಮ, ಮೂಳೆ, ಸ್ನಾಯುಗಳಿಗೆ ಪ್ರತ್ಯೇಕ ಅಂಕ ಕೊಟ್ಟು ಅಳೆಯುವ ಪದ್ಧತಿಯನ್ನು 2006ರಲ್ಲಿ ಪ್ರಕಟಿಸಿದರು. ಯಾವ ಕಾಲನ್ನು ಉಳಿಸಲು ಹೆಣಗಬಹುದು, ಯಾವುದನ್ನು ಉಳಿಸಲಾಗದು ಎಂದು ತೀರ್ಮಾನಿಸಲು ಹೊರದೇಶಗಳ ವೈದ್ಯರೂ ಅದನ್ನು ಬಳಸುತ್ತಾರೆ. ಆ ಅಂಕಗಳ ಹಿಂದಿರುವುದೂ ಕಾಲು ಉಳಿಯಿತೋ ಇಲ್ಲವೋ ಎಂದು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಶ್ರಮ.

ಭಾರತದಲ್ಲಿ ಏನೂ ಇಲ್ಲವೆಂದಲ್ಲ. ಸೊಂಟ ಮತ್ತು ಮಂಡಿ ಶಸ್ತ್ರಚಿಕಿತ್ಸಕರ ಸಂಘ ಸ್ವಯಂಪ್ರೇರಿತವಾಗಿ ಕೀಲುಗಳ ದಾಖಲೆ ಇಡುತ್ತಿದೆ. ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ವರದಿ ಮಾಡಲು 2015ರಲ್ಲಿ ಮೆಟೀರಿಯೊವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2017ರ ಆಗಸ್ಟಿನಲ್ಲಿ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಕೀಲಿಗೆ ಬೆಲೆಯ ಮಿತಿ ಹಾಕಿ, ಹೆಚ್ಚಾಗಿ ಬಳಕೆಯಾಗುವ ಕೋಬಾಲ್ಟ್-ಕ್ರೋಮಿಯಂ ಕೀಲನ್ನು 54,720 ರೂಪಾಯಿಗೆ ಇಳಿಸಿದಾಗ ಪತ್ರಿಕೆಗಳೆಲ್ಲ ಬೆಲೆಯ ಬಗ್ಗೆ ಬರೆದವು. ಅದೇ ಆದೇಶದಲ್ಲಿದ್ದ ಇನ್ನೊಂದು ಸಾಲು ಹೆಚ್ಚು ಚರ್ಚೆಯಾಗಲಿಲ್ಲ: ಆಸ್ಪತ್ರೆಯ ಬಿಲ್ಲಿನಲ್ಲಿ ಕೀಲಿನ ಬೆಲೆ, ಬ್ರ್ಯಾಂಡು, ತಯಾರಕರ ಹೆಸರು, ಬ್ಯಾಚ್ ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆಯಬೇಕು. ಒಳ್ಳೆಯ ನಿಯಮ. ಆದರೆ ಅದು ಮಂಡಿಯ ಕೀಲಿಗೆ ಮಾತ್ರ, ರಾಡು, ಪ್ಲೇಟುಗಳಿಗಿಲ್ಲ. ಮತ್ತು ಅದು ಬಿಲ್ಲನ್ನು ನಂಬಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಪಡೆದವನ ಕೈಗೆ ಬಿಲ್ಲೇ ಬರುವುದಿಲ್ಲ. ಹಣ ಕೊಟ್ಟವನಿಗೆ ತನ್ನ ಮೈಯೊಳಗೆ ಏನಿದೆ ಎಂಬುದು ಬಿಲ್ಲಿನ ನೆಪದಲ್ಲಾದರೂ ತಿಳಿಯುತ್ತದೆ, ಕೊಡಲಾಗದವನಿಗೆ ಆ ನೆಪವೂ ಇಲ್ಲ.

ಎಲ್ಲ ಬಗೆಯ ಮುರಿತಗಳ ದಾಖಲೆ ಜಗತ್ತಿನಲ್ಲೇ ಹೊಸದು. ಸ್ವೀಡನ್ ಕೂಡ ಅದನ್ನು ಶುರುಮಾಡಿದ್ದು 2011ರಲ್ಲಿ. ನಾವು ತಡವಾಗಿಲ್ಲ. ಭಾರತದಲ್ಲಿ ಇದನ್ನು ಮೊದಲು ಮಾಡಿ ತೋರಿಸಲು ಗೋವಾದಷ್ಟು ಅನುಕೂಲವಾದ ರಾಜ್ಯ ಕಡಿಮೆ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ 14.58 ಲಕ್ಷ. ಸರ್ಕಾರಿ ವ್ಯವಸ್ಥೆಯಲ್ಲಿ ದೊಡ್ಡ ಮುರಿತಗಳು ಸೇರುವ ಜಾಗಗಳನ್ನು ಬೆರಳಲ್ಲಿ ಎಣಿಸಬಹುದು: ಮ್ಹಾಪಸಾ, ಮಡಗಾಂವ್, ಬಾಂಬೋಳಿ. 2018ರಲ್ಲಿ ಆರಂಭವಾದ ಸ್ಟೆಮಿ ಯೋಜನೆಯಲ್ಲಿ ಹೃದಯಾಘಾತದ ರೋಗಿಯ ಇಸಿಜಿಯನ್ನು ಸಣ್ಣ ಕೇಂದ್ರದಿಂದಲೇ ಕಳಿಸಿ ಬಾಂಬೋಳಿಯ ತಜ್ಞರೊಂದಿಗೆ ಜೋಡಿಸುವ ಕೆಲಸವನ್ನು ಈ ರಾಜ್ಯ ಮಾಡಿ ತೋರಿಸಿದೆ. ಒಂದು ಅಂಟುಚೀಟಿಯ ಚಿತ್ರ ಕಳಿಸುವುದು ಇಸಿಜಿಗಿಂತ ಕಷ್ಟವಲ್ಲ. ಘಾಟಿನ ಈಚೆಗೆ ಕರ್ನಾಟಕ ತನ್ನ ಪಾಲು ಮಾಡಬೇಕು. ಹುಬ್ಬಳ್ಳಿ, ಬೆಳಗಾವಿಯ ಸರ್ಕಾರಿ ವೈದ್ಯ ಕಾಲೇಜುಗಳ ಮೂಳೆ ವಿಭಾಗಗಳು, ಬಾಗಲಕೋಟೆ, ಗದಗ, ಕೊಪ್ಪಳದ ಜಿಲ್ಲಾ ಆಸ್ಪತ್ರೆಗಳು ಗೋವಾದಿಂದ ಬಂದವನ ಕಾರ್ಡು ನೋಡಿ, ಮೂರು ಮತ್ತು ಆರು ತಿಂಗಳಿಗೆ ಒಂದೊಂದು ಎಕ್ಸ್-ರೇ ತೆಗೆದು, ಮೂಳೆ ಕೂಡಿತೋ ಇಲ್ಲವೋ ಎಂಬ ಒಂದೇ ಸಾಲನ್ನು ಶಸ್ತ್ರಚಿಕಿತ್ಸೆ ಮಾಡಿದ ಕಡೆಗೆ ತಿಳಿಸಿದರೆ ಸಾಕು. ಮ್ಹಾಪಸಾದ ವೈದ್ಯರಿಗೂ ಇದರಿಂದ ಲಾಭವೇ. ಇಂದು ಅವರು ತಾವು ನೇರ ಮಾಡಿ ಕಳಿಸಿದ ಕಾಲು ಮುಂದೆ ನಡೆಯಿತೋ ಕುಂಟಿತೋ ತಿಳಿಯದೆ ಮುಂದಿನ ಕಾಲಿಗೆ ಕೈ ಹಾಕಬೇಕಾಗಿದೆ. ಶಸ್ತ್ರಚಿಕಿತ್ಸಕನ ಕೈ ಪಳಗುವುದು ತನ್ನ ಕೆಲಸದ ಫಲ ಕಂಡಾಗ. ಗುಳೆ ಬಂದವರ ವಿಷಯದಲ್ಲಿ ಆ ಫಲ ಘಾಟು ಹತ್ತಿದ ಮೇಲೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಊರು ಸೇರಿದವನ ಮನೆಯಲ್ಲಿ ಕ್ಯಾಮೆರಾ ಇರುವ ಒಂದು ಮೊಬೈಲ್ ಫೋನಾದರೂ ಇಂದು ಇದ್ದೇ ಇರುತ್ತದೆ. ಆರು ತಿಂಗಳಾದ ಮೇಲೆ ಕಟ್ಟೆಯ ಮುಂದಿನ ನೆಲದಲ್ಲಿ ಅವನು ಕುಕ್ಕರಗಾಲಲ್ಲಿ ಕೂತ ಚಿತ್ರವನ್ನು ಮಗಳೋ ತಮ್ಮನೋ ತೆಗೆದು ಕಾರ್ಡಿನ ಮೇಲಿನ ನಂಬರಿಗೆ ಕಳಿಸಬಹುದು. ಹಿಮ್ಮಡಿ ನೆಲಕ್ಕೆ ಹತ್ತಿದೆಯೇ, ಮುರಿದಿದ್ದ ಕಾಲಿನ ಮೇಲೆ ಭಾರ ಸಮವಾಗಿ ಬಿದ್ದಿದೆಯೇ, ಮುಖ ಹೇಗಿದೆ ಎಂದು ಪೆಡ್ಡೆಂನಲ್ಲಿ ಕೂತ ವೈದ್ಯರು ನೋಡಬಹುದು. ಹಿಮ್ಮಡಿ ಮೇಲೆದ್ದಿದ್ದರೆ, ಮುಖ ಬಿಗಿದಿದ್ದರೆ, ಅವತ್ತೇ ಫೋನ್ ಮಾಡಿ ಹುಬ್ಬಳ್ಳಿಗೆ ಹೋಗಿ ತೋರಿಸಲು ಹೇಳಬಹುದು. ಹೋಗುವಾಗ ಕಿಸೆಯಲ್ಲಿ ಆ ಕಾರ್ಡು ಇರಲಿ ಎಂದೂ.